ದುಬಾರಿ ಡಿಜಿಟಲ್ ಕೇಬಲ್ ಹಾಕಿದರೆ ಧ್ವನಿ ಚೆನ್ನಾಗಿ ಬರುತ್ತದೆಯೇ?

ಮನೆಯಲ್ಲೊಂದು ಒಳ್ಳೆಯ ಹೋಂ ಥಿಯೇಟರ್ ಇರಬೇಕೆಂದು ಲಕ್ಷಾಂತರ ರೂಪಾಯಿ ಖರ್ಚು ಮಾಡುವವರಿದ್ದಾರೆ. ಟೀವಿ, ರಿಸೀವರ್, ಸ್ಪೀಕರ್‌ಗಳೆಲ್ಲ ಆಯ್ಕೆಯಾದ ಮೇಲೆ ಉಳಿಯುವುದು ಕೇಬಲ್. ದಪ್ಪನೆಯ, ಚಿನ್ನದ ಲೇಪನದ ದುಬಾರಿ ಡಿಜಿಟಲ್ ಕೇಬಲ್ ಹಾಕಿದರೆ ಬೇಸ್ ಗಟ್ಟಿಯಾಗುತ್ತದೆ, ಧ್ವನಿ ಇನ್ನಷ್ಟು ಸ್ಪಷ್ಟವಾಗುತ್ತದೆ ಎನ್ನುವ ಮಾತು ಕೇಳಿಬರುವುದು ಆಗಲೇ. ಇದು ನಿಜವೇ?

ಡಿಜಿಟಲ್ ಕೇಬಲ್‌ನ ಕೆಲಸ ಒಂದು ಮತ್ತು ಸೊನ್ನೆಗಳನ್ನು ಸಾಗಿಸುವುದು. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಟ್ಟಿರುತ್ತಾರೆ. ಎಡ-ಬಲ ಎರಡೂ ಸೇರಿದರೆ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್. ಬಂದದ್ದು ಒಂದೋ ಸೊನ್ನೆಯೋ ಎಂದಷ್ಟೇ ರಿಸೀವರ್ ನೋಡುತ್ತದೆ. ದಾರಿಯಲ್ಲಿ ಸಂಕೇತ ಸ್ವಲ್ಪ ದುರ್ಬಲವಾದರೂ ಒಂದು ಒಂದಾಗಿಯೇ ಉಳಿಯುತ್ತದೆ. ಮಿತಿಮೀರಿ ಕೆಟ್ಟರೆ ಧ್ವನಿಯಲ್ಲಿ ಚಟಪಟ ಸದ್ದು ಬರುತ್ತದೆ, ಮಧ್ಯೆ ಮಧ್ಯೆ ಕಡಿದುಹೋಗುತ್ತದೆ, ಇಲ್ಲವೇ ಪೂರ್ತಿ ನಿಂತುಹೋಗುತ್ತದೆ. ಬೇಸ್ ಹೆಚ್ಚು-ಕಡಿಮೆ ಆಗಬೇಕಾದರೆ ಪ್ರತಿ ಅಳತೆಯನ್ನೂ ಲೆಕ್ಕ ಹಾಕಿ ಬದಲಿಸಬೇಕು. ಆ ಸಾಮರ್ಥ್ಯ ಯಾವ ಕೇಬಲ್‌ಗೂ ಇಲ್ಲ. ಚಿನ್ನದ ಲೇಪನದ ಪ್ರಯೋಜನ ಪಿನ್ನಿಗೆ ತುಕ್ಕು ಹಿಡಿಯದಂತೆ ತಡೆಯುವುದಷ್ಟೇ.

ಹಾಗಾದರೆ ಯಾವ ಕೇಬಲ್ ಆದರೂ ಆದೀತೇ? ಇಲ್ಲ. ನೋಡಬೇಕಾದದ್ದು ಬೆಲೆಯನ್ನಲ್ಲ, ಕೇಬಲ್‌ನ ಬಗೆಯನ್ನು.

ಆಪ್ಟಿಕಲ್ ಮತ್ತು ಕೋಆಕ್ಸಿಯಲ್

ಕೆಂಪು ಬೆಳಕಿನಲ್ಲಿ ಸಂಕೇತ ಕಳಿಸುವ ಆಪ್ಟಿಕಲ್ ಸಂಪರ್ಕವನ್ನು ತೋಶಿಬಾ ಸಂಸ್ಥೆ ಪರಿಚಯಿಸಿದ್ದು 1983ರಲ್ಲಿ, ಸಿ.ಡಿ. ಪ್ಲೇಯರ್‌ಗಳಿಗಾಗಿ. ಕೋಆಕ್ಸಿಯಲ್ ಕೇಬಲ್ ಅದೇ ಮಾಹಿತಿಯನ್ನು ವಿದ್ಯುತ್ ರೂಪದಲ್ಲಿ ಒಯ್ಯುತ್ತದೆ. ಎರಡನ್ನೂ ರೂಪಿಸಿದ್ದು ಸ್ಟೀರಿಯೋ ಧ್ವನಿಗೆ. ಮುಂದೆ ಡಾಲ್ಬಿ ಡಿಜಿಟಲ್ ಮತ್ತು ಡಿಟಿಎಸ್ ಎಂಬ ಸಂಕುಚಿತ ರೂಪಗಳ ಮೂಲಕ 5.1 ಧ್ವನಿಯನ್ನೂ ಇದರಲ್ಲೇ ಕಳಿಸುವಂತಾಯಿತು. ಆದರೆ ಬ್ಲೂ-ರೇ ಡಿಸ್ಕ್‌ಗಳಲ್ಲಿರುವ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋಗಳು ಈ ದಾರಿಯಲ್ಲಿ ಹಿಡಿಸುವುದಿಲ್ಲ.

ಎಡವಟ್ಟಾಗುವುದು ಇಲ್ಲೇ. ಬ್ಲೂ-ರೇ ಪ್ಲೇಯರನ್ನು ಆಪ್ಟಿಕಲ್ ಕೇಬಲ್‌ನಿಂದ ಜೋಡಿಸಿದರೆ ಯಾವ ದೋಷವೂ ಕಾಣುವುದಿಲ್ಲ. ಪ್ಲೇಯರ್ ತನ್ನಷ್ಟಕ್ಕೇ ಕಡಿಮೆ ಗುಣಮಟ್ಟದ ರೂಪವನ್ನು ಕಳಿಸುತ್ತದೆ. ಧ್ವನಿ ಬರುತ್ತಿರುವುದರಿಂದ ದುಬಾರಿ ಸ್ಪೀಕರ್‌ಗಳಿಗೆ ಪೂರ್ತಿ ಕೆಲಸ ಸಿಗುತ್ತಿಲ್ಲವೆಂದು ಮಾಲೀಕರಿಗೆ ಗೊತ್ತೇ ಆಗುವುದಿಲ್ಲ.

ಹಾಗೆಂದು ಆಪ್ಟಿಕಲ್ ನಿರುಪಯೋಗಿಯಲ್ಲ. ಅದರಲ್ಲಿ ವಿದ್ಯುತ್ ಹರಿಯದ ಕಾರಣ, ಎರಡು ಉಪಕರಣಗಳ ಅರ್ಥಿಂಗ್ ವ್ಯತ್ಯಾಸದಿಂದ ಸ್ಪೀಕರ್‌ನಲ್ಲಿ ಕೇಳುವ 'ಗುಂಯ್' ಸದ್ದು ಅದರ ಮೂಲಕ ದಾಟಲಾರದು. ತೀರಾ ಬಗ್ಗಿಸದಂತೆ ಎಚ್ಚರ ವಹಿಸಿದರೆ ಸಾಕು.

ಎಚ್‌ಡಿಎಂಐ, ಎಆರ್‌ಸಿ, ಇಎಆರ್‌ಸಿ

ಟ್ರೂಎಚ್‌ಡಿಯಂತಹ ಧ್ವನಿಯನ್ನು ಇದ್ದಂತೆಯೇ ರಿಸೀವರ್‌ಗೆ ಕಳಿಸುವ ಸೌಲಭ್ಯ ಬಂದದ್ದು 2006ರ ಎಚ್‌ಡಿಎಂಐ 1.3 ಆವೃತ್ತಿಯಲ್ಲಿ. ಟೀವಿಯ ಧ್ವನಿಯನ್ನು ಅದೇ ಕೇಬಲ್‌ನಲ್ಲಿ ರಿಸೀವರ್‌ಗೆ ಮರಳಿ ಕಳಿಸುವ ಎಆರ್‌ಸಿ 2009ರಲ್ಲೂ, ಅದರ ಸುಧಾರಿತ ರೂಪವಾದ ಇಎಆರ್‌ಸಿ 2017ರಲ್ಲೂ ಬಂದವು.

ಇವೆರಡರ ವ್ಯತ್ಯಾಸ ಡಾಲ್ಬಿ ಅಟ್ಮೋಸ್ ಕೇಳುವಾಗ ಗೊತ್ತಾಗುತ್ತದೆ. ಓಟಿಟಿಗಳಲ್ಲಿ ಅಟ್ಮೋಸ್ ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿ ಬರುತ್ತದೆ. ಅದಕ್ಕೆ ಎಆರ್‌ಸಿ ಸಾಕು. ಬ್ಲೂ-ರೇಯ ಅಟ್ಮೋಸ್ ಸಾಮಾನ್ಯವಾಗಿ ಟ್ರೂಎಚ್‌ಡಿ ರೂಪದಲ್ಲಿರುತ್ತದೆ. ಅದನ್ನು ಟೀವಿಯ ಮೂಲಕ ಕಳಿಸಲು ಇಎಆರ್‌ಸಿಯೇ ಬೇಕು.

ಜೋಡಿಸುವುದು ಹೇಗೆ?

ಪ್ಲೇಯರನ್ನು ಎಚ್‌ಡಿಎಂಐ ಮೂಲಕ ನೇರವಾಗಿ ರಿಸೀವರ್‌ಗೆ ಜೋಡಿಸಿ. ರಿಸೀವರ್‌ನ ಎಚ್‌ಡಿಎಂಐ ಔಟ್‌ನಿಂದ ಟೀವಿಗೆ ಇನ್ನೊಂದು ಕೇಬಲ್ ಹಾಕಿ. ಎರಡೂ ಕಡೆ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದಿರುವ ಪೋರ್ಟನ್ನೇ ಬಳಸಬೇಕು. ಟೀವಿಯ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ 'ಪಿಸಿಎಂ' ಇದ್ದರೆ ಬಹಳಷ್ಟು ಸಲ ಸ್ಟೀರಿಯೋ ಮಾತ್ರ ಹೊರಬರುತ್ತದೆ. ಅದನ್ನು 'ಬಿಟ್‌ಸ್ಟ್ರೀಮ್' ಅಥವಾ 'ಪಾಸ್ ಥ್ರೂ' ಎಂದು ಬದಲಿಸಿ. ಆಮೇಲೆ ಒಂದು ಸಿನಿಮಾ ಹಾಕಿ, ರಿಸೀವರ್‌ನ ಪರದೆಯ ಮೇಲೆ ಯಾವ ಹೆಸರು ಬರುತ್ತದೆಂದು ನೋಡಿ. ಟ್ರೂಎಚ್‌ಡಿ ಅಥವಾ ಅಟ್ಮೋಸ್ ಇರುವ ಡಿಸ್ಕ್ ಹಾಕಿದಾಗಲೂ ಬರೀ ಡಾಲ್ಬಿ ಡಿಜಿಟಲ್ ಎಂದು ಬಂದರೆ ಜೋಡಣೆಯಲ್ಲೋ ಸೆಟ್ಟಿಂಗ್ಸ್‌ನಲ್ಲೋ ತಪ್ಪಿದೆ ಎಂದರ್ಥ.

ಎಚ್‌ಡಿಎಂಐ ಕೇಬಲ್ ಕೊಳ್ಳುವಾಗ 'ಅಲ್ಟ್ರಾ ಹೈ ಸ್ಪೀಡ್' ಪ್ರಮಾಣೀಕರಣದ ಲೇಬಲ್ ನೋಡಿ. ಅಂತಹ ಕೇಬಲ್ ಸೆಕೆಂಡಿಗೆ 48 ಗಿಗಾಬಿಟ್ ಸಾಗಿಸಬಲ್ಲದು. ಲೇಬಲ್ ಅಸಲಿಯೇ ಎಂದು ಫೋನಿನಲ್ಲಿ ಸ್ಕ್ಯಾನ್ ಮಾಡಿ ತಿಳಿಯಬಹುದು. ರಿಸೀವರ್‌ನಿಂದ ಸ್ಪೀಕರ್‌ಗೆ ಹೋಗುವ ತಂತಿಯ ಕತೆ ಬೇರೆ. ಅದರಲ್ಲಿ ಸಾಗುವುದು ಅನಲಾಗ್ ಸಂಕೇತವಾದ್ದರಿಂದ, ದೂರ ಹೆಚ್ಚಿದಂತೆ ತಂತಿ ದಪ್ಪಗಿರಬೇಕು. ಅಲ್ಲೂ ಮುಖ್ಯವಾಗುವುದು ದಪ್ಪವೇ ಹೊರತು ಬ್ರ್ಯಾಂಡ್ ಅಲ್ಲ.