ಕಿಲೋಗೆ 2 ರೂಪಾಯಿ 63 ಪೈಸೆ

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ವರ್ಷಕ್ಕೆ 22,006 ಟನ್ ಬಳಚು ಮತ್ತಿತರ ಚಿಪ್ಪುಜೀವಿಗಳು ಸಿಗುತ್ತಿದ್ದವು. ಅವುಗಳ ಬೆಲೆ 5.78 ಕೋಟಿ ರೂಪಾಯಿ, ದುಡಿಯುತ್ತಿದ್ದ ಕೈಗಳು 2,347. ಇದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಕೊಟ್ಟ ಅಂದಾಜು. ಭಾಗಿಸಿ ನೋಡಿದರೆ ಆಗಿನ ದರದಲ್ಲಿ ಕಿಲೋಗೆ ಬಿದ್ದದ್ದು 2 ರೂಪಾಯಿ 63 ಪೈಸೆ.

ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ ಸುಮಾರು 9.4 ಟನ್. 365 ದಿನವೂ ನೀರಿಗಿಳಿದರೂ ದಿನಕ್ಕೆ 25 ಕಿಲೋಗೂ ಹೆಚ್ಚು. ಮಳೆಗಾಲದಲ್ಲಿ ಹೊಳೆ ಕೆಂಪಗೆ ಉಕ್ಕಿ ಹರಿಯುವಾಗ ಇಳಿಯಲಾಗದು, ಹಾಗಾಗಿ ಉಳಿದ ದಿನಗಳ ಹೊರೆ ಇನ್ನೂ ಭಾರ. ಇಳಿತದ ಹೊತ್ತಿಗೆ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ನಿಂತು, ಕೆಸರಿನಲ್ಲಿ ಕಾಲಿನಿಂದಲೇ ಬಳಚು ತಡಕಿ, ಬಾಗಿ ಹೆಕ್ಕುತ್ತಾರೆ. ಇಷ್ಟು ದುಡಿದರೂ ತಲೆಗೆ ಬಂದದ್ದು ವರ್ಷಕ್ಕೆ 24,600 ರೂಪಾಯಿ ಚಿಲ್ಲರೆ. ಬಂಡವಾಳ ಹಾಕದೆ, ಮೇವು ಗೊಬ್ಬರ ಕೊಡದೆ ಸಿಗುವ ಆಹಾರಕ್ಕೆ ಪೇಟೆ ಕಟ್ಟಿದ ಈ ಬೆಲೆ ತೀರಾ ಕಡಿಮೆ ಎಂದೇ ನನ್ನ ಅಭಿಪ್ರಾಯ.

ಆ 5.78 ಕೋಟಿಯಲ್ಲಿ ಮೀನು, ಏಡಿ, ಸಾಣಿಕಟ್ಟಾದ ಉಪ್ಪು ಯಾವುದೂ ಸೇರಿಲ್ಲ. ಗಜನಿ ಗದ್ದೆಯ ಲೆಕ್ಕವೂ ಇಲ್ಲ. ಮಳೆ ನೀರು ಗದ್ದೆಯ ಉಪ್ಪು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲು ಮುಗಿದರೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಇವೆಲ್ಲ ಸೇರಿದರೆ ಅಳಿವೆಯನ್ನು ನಂಬಿದ ಕುಟುಂಬಗಳು 6,000ದಿಂದ 7,500 ಎನ್ನುತ್ತದೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಯಾದ ರಾಮ್ಸಾರ್ ದಾಖಲೆ.

ಅದೇ ದಾಖಲೆಯಲ್ಲಿ 66ಕ್ಕೂ ಹೆಚ್ಚು ಜಾತಿಯ 43,000ಕ್ಕೂ ಮಿಕ್ಕಿದ ನೀರುಹಕ್ಕಿಗಳ ಎಣಿಕೆಯಿದೆ. ಅಳಿವೆಯ ವಿಸ್ತೀರ್ಣ 4,801 ಹೆಕ್ಟೇರ್. ಇದರೊಂದಿಗೇ ರಾಮ್ಸಾರ್ ಪಟ್ಟಿ ಸೇರಿದ ಕರ್ನಾಟಕದ ಅಂಕಸಮುದ್ರ ಪಕ್ಷಿಧಾಮ 98.76 ಹೆಕ್ಟೇರ್, ಮಾಗಡಿ ಕೆರೆ 54.38. ಮೊದಲೇ ಪಟ್ಟಿಯಲ್ಲಿದ್ದ ರಂಗನತಿಟ್ಟು 517.70. ನಾಲ್ಕನ್ನೂ ಕೂಡಿದರೆ ನೂರಕ್ಕೆ ಸುಮಾರು 88 ಪಾಲು ಅಘನಾಶಿನಿಯದೇ.

ಇಷ್ಟಕ್ಕೂ ಕಾರಣ ಶಿರಸಿ ಕಡೆಯಿಂದ ಇಳಿದು ಬರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಬೀಳದಿರುವುದು. ಮೇಲಿಂದ ಸಿಹಿನೀರು, ಕೆಳಗಿಂದ ಉಬ್ಬರದ ಉಪ್ಪುನೀರು ಹದವಾಗಿ ಬೆರೆತರೆ ಮಾತ್ರ ಬಳಚು, ಕಾಂಡ್ಲಾ (ಮ್ಯಾಂಗ್ರೋವ್), ಕಗ್ಗ ಉಳಿಯುತ್ತವೆ. ಅಳಿವೆಯ ದಂಡೆಯ ತದಡಿಯಲ್ಲಿ 4,000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಯೋಜನೆಯನ್ನು ಜನ ವಿರೋಧಿಸಿದರು, ಅದನ್ನು ಕೈಬಿಡಲಾಯಿತು. ಈಗ ಹೊಳೆಯ ನೀರನ್ನು ಬಯಲುಸೀಮೆಗೆ ಒಯ್ಯುವ ಅಘನಾಶಿನಿ–ವೇದಾವತಿ ಜೋಡಣೆಯ ಪ್ರಸ್ತಾವ ಬಂದಿದೆ.

ಬಯಲುಸೀಮೆಯ ಬಾಯಾರಿಕೆ ನಿಜ, ಅದನ್ನು ಹಗುರ ಮಾಡುವಂತಿಲ್ಲ. ಆದರೆ ‘ಸುಮ್ಮನೆ ಸಮುದ್ರಕ್ಕೆ ಹೋಗುವ ನೀರು’ ಎನ್ನುವವರು ಈ 22,006 ಟನ್ನನ್ನು ಯೋಜನೆಯ ವೆಚ್ಚದ ಕಾಲಂನಲ್ಲಿ ಬರೆಯಬೇಕು. ಅದಕ್ಕೂ ಮೊದಲು, ಒಂದೂವರೆ ದಶಕ ದಾಟಿದ ಆ ಅಂಕಿಯನ್ನು ಇಂದಿನ ದರದಲ್ಲಿ, ಮೀನು, ಕಗ್ಗ, ಉಪ್ಪನ್ನೂ ಸೇರಿಸಿ, ಅಳಿವೆಯ ಊರೂರಿಗೆ ಹೋಗಿ ಹೊಸದಾಗಿ ಎಣಿಸಬೇಕು.