ಬಾನಿನ ಬೆಳಕು, ಸೇನೆಯ ಕಡತ

ಅಲ್ ಬರ್ಷಾದ ನಮ್ಮ ಮನೆಯ ಬಾಲ್ಕನಿಯಿಂದ ನಕ್ಷತ್ರಗಳು ಕಾಣುವುದು ಅಪರೂಪ. ಶೇಖ್ ಜಾಯೆದ್ ರಸ್ತೆಯ ದೀಪಗಳನ್ನೂ ಮಾಲ್ ಆಫ್ ದಿ ಎಮಿರೇಟ್ಸ್‌ನ ಪ್ರಭೆಯನ್ನೂ ಭೇದಿಸಿ ಕಣ್ಣಿಗೆ ಬೀಳುವುದು ಚಂದ್ರ, ಶುಕ್ರ, ಗುರು ಮತ್ತು ವಿಮಾನಗಳಷ್ಟೇ. ಆದ್ದರಿಂದಲೇ ಇಲ್ಲಿ ಪರಿಚಯವಿಲ್ಲದ ಬೆಳಕೊಂದು ಕಂಡರೆ ಅದು ಬೇಗನೆ ಸುದ್ದಿಯಾಗುತ್ತದೆ; ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮೊಬೈಲಿಗೆ ನನಗಿಂತ ಮೊದಲೇ ತಲುಪಿರುತ್ತದೆ. “ಏನೋ ಅದು? ನೀವೆಲ್ಲಾ ಕ್ಷೇಮ ತಾನೆ?” ಎಂದು ಕೇಳುತ್ತಾಳೆ.

ಅವಳ ಆತಂಕ ನಿರಾಧಾರವಲ್ಲ. 2022ರ ಜನವರಿ 17ರಂದು ಅಬುಧಾಬಿಯ ಮೇಲೆ ನಡೆದ ಹೂತಿ ದಾಳಿಯಲ್ಲಿ ಮೂವರು ಮೃತಪಟ್ಟರು. ಅವರಲ್ಲಿ ಇಬ್ಬರು ಭಾರತೀಯರು. ಕೆಲವೇ ದಿನಗಳಲ್ಲಿ ಸರ್ಕಾರವು ಹವ್ಯಾಸಿ ಡ್ರೋನ್ ಹಾರಾಟವನ್ನು ನಿಷೇಧಿಸಿತು.

ಇಂಥ ಬೆಳಕುಗಳನ್ನು ಸೈನ್ಯ ಹೇಗೆ ಪರೀಕ್ಷಿಸುತ್ತದೆ ಎಂಬುದಕ್ಕೆ ನನಗೆ ಪ್ರಿಯವಾದ ನಿದರ್ಶನ ನಮ್ಮದೇ ಬೆಂಗಳೂರಿಗೆ ಸೇರಿದ್ದು. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿಯವರೆಗೆ ಲಡಾಖ್‌ನ ಪಾಂಗಾಂಗ್ ಸರೋವರದ ಬಳಿ ಭಾರತೀಯ ಯೋಧರು 329 ಬಾರಿ ಅಪರಿಚಿತ ಬೆಳಕುಗಳನ್ನು ಕಂಡು ದಾಖಲಿಸಿದರು. 155 ಬಾರಿ ಅವು ವಾಸ್ತವಿಕ ನಿಯಂತ್ರಣ ರೇಖೆಯನ್ನು ದಾಟಿದಂತೆ ತೋರಿತ್ತು. ಚೀನಾದ ಡ್ರೋನ್‌ಗಳೆಂಬ ಶಂಕೆ ಸಹಜವೇ. ಆದರೆ ಸೇನೆ ಆತುರಪಡದೆ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ನೆರವು ಕೇಳಿತು. ಇದೇ ಸಂಸ್ಥೆ ಲಡಾಖ್‌ನ ಹಾನ್ಲೆಯಲ್ಲಿರುವ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತದೆ. ಬೆಳಕುಗಳು ನಕ್ಷತ್ರಗಳೊಡನೆ ಸಾಗುತ್ತಿವೆಯೇ, ಇಲ್ಲವೇ ಎಂಬುದು ವಿಜ್ಞಾನಿಗಳ ಮೊದಲ ಪ್ರಶ್ನೆ. ಕಂಡ ಸಮಯ, ದಿಕ್ಕು, ಕೋನಗಳನ್ನು ತಾಳೆ ನೋಡಿದಾಗ ಉತ್ತರ ದೊರೆಯಿತು: ಒಂದು ಗುರು, ಇನ್ನೊಂದು ಶುಕ್ರ. ಎತ್ತರದ ತಿಳಿಯಾದ ಗಾಳಿಯಲ್ಲಿ ಗ್ರಹಗಳು ಬಯಲುನಾಡಿನಲ್ಲಿ ಕಾಣುವುದಕ್ಕಿಂತ ಬಹಳ ಪ್ರಖರವಾಗಿ ಹೊಳೆಯುತ್ತವೆ.

ಇದನ್ನೋದಿ ಯೋಧರನ್ನು ನಗೆಯಾಡಿದವರಿದ್ದಾರೆ. ವೈದ್ಯನಾಗಿ ನಾನು ನಗಲಾರೆ. ಸುತ್ತಲೂ ಕತ್ತಲಿದ್ದು ಒಂದೇ ಒಂದು ಸ್ಥಿರ ಬೆಳಕನ್ನು ದಿಟ್ಟಿಸುತ್ತಿದ್ದರೆ ಅದು ಚಲಿಸಿದಂತೆಯೇ ಕಾಣುತ್ತದೆ; ಆರೋಗ್ಯವಂತ ಕಣ್ಣೂ ಮೋಸಹೋಗುತ್ತದೆ. ನಿದ್ದೆಗೆಟ್ಟು ಗಡಿ ಕಾಯುವವನ ಪಾಡು ಹೇಳಬೇಕೆ! ಕಂಡದ್ದನ್ನು ಅವರು ಒಂದೊಂದಾಗಿ ಬರೆದಿಟ್ಟರಲ್ಲ, ರೋಗಿಯ ಚಾರ್ಟ್‌ನಂತೆ, ಅದರಿಂದಲೇ ನಿದಾನ ಸಾಧ್ಯವಾಯಿತು.

ಎಲ್ಲ ಕಡತಗಳೂ ಹೀಗೆ ಮುಚ್ಚುವುದಿಲ್ಲ. ಅಮೆರಿಕದ ವಾಯುಪಡೆ 1969ರವರೆಗೆ ‘ಪ್ರಾಜೆಕ್ಟ್ ಬ್ಲೂ ಬುಕ್’ ಹೆಸರಿನಲ್ಲಿ ಬಹುಪಾಲು ನಾಗರಿಕರಿಂದಲೇ ಬಂದ ವರದಿಗಳನ್ನು ಪರಿಶೀಲಿಸಿತು. ಒಟ್ಟು 12,618ರಲ್ಲಿ 701 ವರದಿಗಳಿಗೆ ವಿವರಣೆ ಸಿಗಲಿಲ್ಲ. 2023ರ ನವೆಂಬರ್ 19ರಂದು ಇಂಫಾಲ್ ವಿಮಾನ ನಿಲ್ದಾಣದ ಮೇಲೆ ಏನೋ ಹಾರಿದ್ದು ಕಂಡು ವಿಮಾನ ಸಂಚಾರ ನಿಂತಿತು. ನಮ್ಮ ವಾಯುಪಡೆ ರಫೇಲ್‌ಗಳನ್ನು ಕಳುಹಿಸಿ ಹುಡುಕಿಸಿತು, ಏನೂ ಸಿಗಲಿಲ್ಲ.

ಇಲ್ಲಿಗೆ ಬರಲಿಚ್ಛಿಸುವ ಕಿರಿಯರು ಒಂದು ವಿಷಯ ತಿಳಿದಿರಬೇಕು. ಊರಿನಲ್ಲಿ ಇಂಥ ವಿಡಿಯೊವನ್ನು ‘ಏನೋ ಗೊತ್ತಿಲ್ಲ, ನೋಡಿ’ ಎಂದು ಹತ್ತು ಗುಂಪಿಗೆ ಕಳುಹಿಸುವುದು ಕಾಲಹರಣ. ಇಲ್ಲಿನ 2021ರ ವದಂತಿ ಮತ್ತು ಸೈಬರ್ ಅಪರಾಧ ಕಾನೂನಿನ ಪ್ರಕಾರ ಸುಳ್ಳುಸುದ್ದಿ ಹರಡಿದವರಿಗೆ ಕನಿಷ್ಠ ಒಂದು ವರ್ಷ ಸೆರೆ, ಒಂದು ಲಕ್ಷ ದಿರ್ಹಮ್ ದಂಡ. ಬಿಕ್ಕಟ್ಟಿನ ಸಮಯದಲ್ಲಾದರೆ ಎರಡೂ ಇಮ್ಮಡಿ. ಸೇನೆಗೆ ಸಂಬಂಧಿಸಿದ್ದೆಂದು ಅನುಮಾನವಿದ್ದರಂತೂ ಕ್ಯಾಮೆರಾ ಎತ್ತದಿರುವುದೇ ಲೇಸು. ತುರ್ತಲ್ಲದ ಸಂಗತಿಯನ್ನು ದುಬೈ ಪೊಲೀಸರಿಗೆ ತಿಳಿಸಲು 901 ಇದೆ, ಅಪಾಯವಿದ್ದರೆ 999. ಕರೆ ಮಾಡುವ ಮುನ್ನ ಎಷ್ಟು ಗಂಟೆ, ಯಾವ ದಿಕ್ಕು ಎಂಬುದನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ.