ಯುರೋಪಿನ ಅಂತರ್ಜಾಲ ಮಾರುಕಟ್ಟೆ: ಸಂಸ್ಕೃತಿ ಮತ್ತು ಕಾನೂನಿನ ಗಡಿಗಳು

1993ರಲ್ಲಿ ಯುರೋಪಿನ ಏಕ ಮಾರುಕಟ್ಟೆ ಜಾರಿಗೆ ಬಂದಾಗ ಸದಸ್ಯ ರಾಷ್ಟ್ರಗಳ ನಡುವಣ ಸುಂಕದ ಕಟ್ಟೆಗಳು ಮರೆಯಾದವು. ಅಂತರ್ಜಾಲವು ಅಂಗಡಿಗೂ ಮನೆಗೂ ಇದ್ದ ದೂರವನ್ನು ಅಳಿಸಿತು. ಇವೆರಡೂ ಕೂಡಿದ ಮೇಲೆ ಲಿಸ್ಬನ್ನಿನ ಸಣ್ಣ ವರ್ತಕನೊಬ್ಬ ಹೆಲ್ಸಿಂಕಿಯ ಗ್ರಾಹಕನಿಗೆ ನಿರಾತಂಕವಾಗಿ ಸರಕು ಮಾರಬಲ್ಲನೆಂದು ನಿರೀಕ್ಷಿಸುವುದು ಸಹಜ. ವಾಸ್ತವ ಸ್ಥಿತಿ ಅಷ್ಟು ಸರಳವಾಗಿಲ್ಲ. ಒಕ್ಕೂಟದ 27 ರಾಷ್ಟ್ರಗಳಲ್ಲಿ 24 ಅಧಿಕೃತ ಭಾಷೆಗಳಿವೆ. ಕೊಳ್ಳುವ ರೂಢಿಗಳೂ ಅಷ್ಟೇ ಭಿನ್ನವಾಗಿವೆ.

ಹಣ ಪಾವತಿಯ ಪದ್ಧತಿಯನ್ನೇ ನೋಡಬಹುದು. ಸರಕು ಕೈಸೇರಿದ ಮೇಲೆ ಬಿಲ್ಲಿನ ಹಣ ಕಟ್ಟುವುದು ಜರ್ಮನಿಯಲ್ಲಿ ಅಂಚೆ ವ್ಯಾಪಾರದ ಕಾಲದಿಂದ ಬಂದ ರೂಢಿ. ನೆದರ್ಲೆಂಡ್ಸಿನಲ್ಲಿ 2005ರಲ್ಲಿ ಆರಂಭವಾದ ಐಡೀಲ್ ವ್ಯವಸ್ಥೆಯು ಬ್ಯಾಂಕ್ ಖಾತೆಯಿಂದ ನೇರವಾಗಿ ಹಣ ಸಲ್ಲಿಸುವುದನ್ನು ಬಳಕೆಗೆ ತಂದಿತು. ಕ್ರೆಡಿಟ್ ಕಾರ್ಡನ್ನು ಮಾತ್ರ ಒಪ್ಪುವ ಅಂಗಡಿ ಎರಡೂ ಕಡೆ ಗ್ರಾಹಕರ ವಿಶ್ವಾಸವನ್ನು ಗಳಿಸಲಾರದು.

ಕಾನೂನಿನ ಏಕರೂಪತೆ ಹಂತಹಂತವಾಗಿ ಬಂದಿತು. 1997ರ ನಿರ್ದೇಶನವು ಖರೀದಿಯನ್ನು ರದ್ದುಪಡಿಸಲು ಕನಿಷ್ಠ 7 ಕೆಲಸದ ದಿನಗಳನ್ನು ನೀಡಿ, ಅವಧಿಯನ್ನು ಹೆಚ್ಚಿಸುವ ಸ್ವಾತಂತ್ರ್ಯವನ್ನು ರಾಷ್ಟ್ರಗಳಿಗೇ ಬಿಟ್ಟಿತ್ತು. ಹೀಗಾಗಿ ಅವಧಿಯು ರಾಷ್ಟ್ರದಿಂದ ರಾಷ್ಟ್ರಕ್ಕೆ ಬೇರೆಯಾಯಿತು. 2011ರ ನಿರ್ದೇಶನವು ಅದನ್ನು 14 ದಿನಗಳೆಂದು ಏಕರೂಪಗೊಳಿಸಿತು. 2014ರ ಜೂನ್ 13ರಿಂದ ಅದು ಅನ್ವಯವಾಯಿತು.

ಆದರೂ ವ್ಯಾಜ್ಯಕ್ಕೆ ಯಾವ ದೇಶದ ಕಾನೂನು ಅನ್ವಯಿಸುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ವರ್ತಕನು ಗ್ರಾಹಕನ ದೇಶದತ್ತ ತನ್ನ ವ್ಯವಹಾರವನ್ನು ನಿರ್ದೇಶಿಸಿದ್ದರೆ, ಆ ದೇಶದ ಕಡ್ಡಾಯ ರಕ್ಷಣೆಯನ್ನು ಕರಾರಿನ ಮೂಲಕ ಕಸಿಯಲಾಗದು. ಜಾಲತಾಣವು ಅಲ್ಲಿ ಕಾಣಸಿಗುವುದಷ್ಟೇ ಇದಕ್ಕೆ ಸಾಲದೆಂದು ಯುರೋಪಿನ ನ್ಯಾಯಾಲಯವು 2010ರ ಪಾಮರ್ ಪ್ರಕರಣದಲ್ಲಿ ತೀರ್ಪಿತ್ತಿತು. ಭಾಷೆ, ನಾಣ್ಯ, ಅಂತರರಾಷ್ಟ್ರೀಯ ದೂರವಾಣಿ ಸಂಕೇತ ಮುಂತಾದವು ವರ್ತಕನ ಉದ್ದೇಶದ ಕುರುಹುಗಳಾದವು. ಹೀಗೆ ಸಾಂಸ್ಕೃತಿಕ ಆಯ್ಕೆಯೊಂದು ಕಾನೂನಿನ ಹೊಣೆಯಾಗಿ ಪರಿಣಮಿಸುತ್ತದೆ.

ಫ್ರಾನ್ಸಿನ ಪುಸ್ತಕ ವ್ಯಾಪಾರವು ಈ ಸಂಬಂಧವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಅಲ್ಲಿ 1981ರ ಕಾನೂನು ಹೊಸ ಪುಸ್ತಕಗಳ ರಿಯಾಯಿತಿಯನ್ನು ಶೇ. 5ಕ್ಕೆ ಮಿತಗೊಳಿಸಿ ಸಣ್ಣ ಅಂಗಡಿಗಳನ್ನು ಕಾಪಾಡಿತು. 2014ರಲ್ಲಿ ಉಚಿತ ಸಾಗಣೆಯನ್ನು ನಿಷೇಧಿಸಿದಾಗ ದೊಡ್ಡ ಮಾರಾಟಗಾರರು ಒಂದು ಸೆಂಟ್ ಶುಲ್ಕ ವಿಧಿಸಿ ನಿಯಮದ ಆಶಯವನ್ನು ವಿಫಲಗೊಳಿಸಿದರು. 2021ರ ಕಾನೂನಿನ ಅನುಸಾರ, 2023ರ ಅಕ್ಟೋಬರಿನಿಂದ 35 ಯೂರೋಗಿಂತ ಕಡಿಮೆಯ ಪುಸ್ತಕ ಖರೀದಿಗೆ ಕನಿಷ್ಠ 3 ಯೂರೋ ಸಾಗಣೆ ಶುಲ್ಕ ನಿಗದಿಯಾಯಿತು.

2018ರ ನಿಯಮಾವಳಿಯು ಗ್ರಾಹಕರನ್ನು ವಾಸಸ್ಥಳದ ಆಧಾರದಲ್ಲಿ ಸಕಾರಣವಿಲ್ಲದೆ ತಡೆಯುವುದನ್ನು ನಿಷೇಧಿಸಿತಾದರೂ, ಎಲ್ಲ ದೇಶಗಳಿಗೂ ಸರಕು ತಲುಪಿಸುವ ಹೊಣೆಯನ್ನು ಹೊರಿಸಲಿಲ್ಲ. 2021ರ ಜುಲೈನಿಂದ ಮೌಲ್ಯವರ್ಧಿತ ತೆರಿಗೆಯನ್ನು ಒಂದೇ ನೋಂದಣಿಯಲ್ಲಿ ಸಲ್ಲಿಸುವ ಅನುಕೂಲವೂ ದೊರೆಯಿತು. ಈ ಕ್ರಮಗಳು ವರ್ತಕನ ಕೆಲಸವನ್ನು ಹಗುರಗೊಳಿಸಿವೆ. ಆದರೆ ಫ್ರಾನ್ಸಿನ ನಿದರ್ಶನವು ತೋರುವಂತೆ, ಎಲ್ಲ ಭಿನ್ನತೆಯೂ ವ್ಯಾಪಾರಕ್ಕೆ ಅಡ್ಡಿಯಲ್ಲ. ಕೆಲವು ಭಿನ್ನತೆಗಳು ಸಮಾಜವೊಂದು ತಾನಾಗಿ ಉಳಿಸಿಕೊಳ್ಳಬಯಸುವ ಮೌಲ್ಯಗಳು.